ಮಕ್ಕಳ ಪಾಲನಾ ವೃತ್ತಿಯಲ್ಲಿ ಸಂಬಂಧಾಧಾರಿತ ಕಾರ್ಯವಿಧಾನ

ಹೆತ್ತವರ ಆಸರೆ ತಪ್ಪಿದ, ಮನೆ ಬಿಟ್ಟು ಓಡಿಬಂದ, ಹಿಂಸೆ ಉಂಡ ಅಥವಾ ಕಾನೂನಿನೊಂದಿಗೆ ಸಂಘರ್ಷಕ್ಕೆ ಸಿಲುಕಿದ ಮಕ್ಕಳ ಜೊತೆ ಹಗಲಿರುಳು ಇದ್ದು ದುಡಿಯುವವರು, ಆ ಮಕ್ಕಳಿಗೂ ತಮಗೂ ನಡುವೆ ಬೆಳೆಯುವ ನಂಬಿಕೆಯ ಸಂಬಂಧವನ್ನೇ ಕೆಲಸದ ಮುಖ್ಯ ಸಾಧನವಾಗಿ ಇಟ್ಟುಕೊಳ್ಳುವ ವಿಧಾನ. ಬಾಲಮಂದಿರ, ವೀಕ್ಷಣಾಲಯ, ಅನಾಥಾಲಯ, ಬೀದಿಮಕ್ಕಳ ಆಸರೆ ಕೇಂದ್ರ, ಮನೋಚಿಕಿತ್ಸೆಯ ವಸತಿಗೃಹ, ಸಾಕುಕುಟುಂಬ, ಹೀಗೆ ಮಗು ತನ್ನ ಮನೆಯಿಂದಾಚೆ ಬೆಳೆಯಬೇಕಾಗಿ ಬಂದ ಎಲ್ಲ ಕಡೆಯೂ ಇದು ಸಲ್ಲುತ್ತದೆ. ಕೆನಡ, ಅಮೆರಿಕ, ದಕ್ಷಿಣ ಆಫ್ರಿಕಗಳಲ್ಲಿ ಮಕ್ಕಳ ಮತ್ತು ಯುವಜನರ ಪಾಲನೆ ಎಂಬುದು ತನ್ನದೇ ತರಬೇತಿ ಇರುವ ಪ್ರತ್ಯೇಕ ವೃತ್ತಿ. ಜರ್ಮನಿ, ಡೆನ್ಮಾರ್ಕ್‌ಗಳಲ್ಲಿ ಇದೇ ಕೆಲಸವನ್ನು ಸಾಮಾಜಿಕ ಶಿಕ್ಷಣಶಾಸ್ತ್ರ ಓದಿದವರು ಮಾಡುತ್ತಾರೆ. ನಮ್ಮಲ್ಲಿ ಇದರ ಬಹುಪಾಲು ಗೃಹಮಾತೆ, ಗೃಹಪಿತೃ, ಪರಿವೀಕ್ಷಣಾಧಿಕಾರಿ, ಆಪ್ತಸಮಾಲೋಚಕರ ಮೇಲೆ ಬಿದ್ದಿದೆ. ಮಕ್ಕಳ ಬಾಯಲ್ಲಿ ಅವರು ಅಕ್ಕ, ಅಣ್ಣ, ಅಮ್ಮ, ಮೇಡಂ, ಸರ್.

ಮಗುವಿನೊಂದಿಗೆ ಚೆನ್ನಾಗಿರಬೇಕು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಈ ವಿಧಾನ ಅದಕ್ಕಿಂತ ಮುಂದೆ ಹೋಗಿ ಇನ್ನೊಂದು ಮಾತು ಹೇಳುತ್ತದೆ. ಶಾಲೆಗೆ ಸೇರಿಸುವುದು, ಸಮಾಲೋಚನೆ, ವೃತ್ತಿತರಬೇತಿ, ಔಷಧೋಪಚಾರ ಯಾವುದೇ ಆಗಲಿ, ದೊಡ್ಡವರೊಬ್ಬರನ್ನು ನಂಬಲು ಮಗುವಿಗೆ ಸಾಧ್ಯವಾಗುವವರೆಗೆ ಅವು ಅದರ ಒಳಗೆ ಇಳಿಯುವುದಿಲ್ಲ. ಆ ನಂಬಿಕೆ ಹುಟ್ಟುವುದು ದಿನದ ಸಣ್ಣಪುಟ್ಟ ಕೆಲಸಗಳ ನಡುವೆಯೇ. ಬೆಳಿಗ್ಗೆ ಎಬ್ಬಿಸುವ ರೀತಿ, ತಟ್ಟೆಗೆ ಬಡಿಸುವ ರೀತಿ, ಜಗಳ ಬಿಡಿಸುವ ರೀತಿ ಇವೆಲ್ಲ ಸೇರಿ ಚಿಕಿತ್ಸೆಯಾಗುತ್ತವೆ. ಒಪ್ಪುವುದು ಸುಲಭ, ಆಡಳಿತಕ್ಕೆ ಇಳಿಸುವುದು ಬಹಳ ಕಷ್ಟ. ಈ ಕ್ಷೇತ್ರದ ನೂರು ವರ್ಷಗಳ ಇತಿಹಾಸವೆಲ್ಲ ಆ ಕಷ್ಟದ ಇತಿಹಾಸವೇ.

ಮೂಲಗಳು

ಸ್ವಿಟ್ಜರ್‌ಲೆಂಡಿನ ಪೆಸ್ಟಲೋಜಿ 1799ರಲ್ಲಿ ಸ್ಟಾನ್ಸ್ ಎಂಬ ಊರಿನಲ್ಲಿ ಯುದ್ಧದಿಂದ ಅನಾಥರಾದ ಮಕ್ಕಳನ್ನು ಕೆಲವು ತಿಂಗಳ ಕಾಲ ಸಾಕಿದರು. ಅವರೊಂದಿಗೇ ಉಂಡು, ಅವರೊಂದಿಗೇ ಮಲಗಿದ ಆ ಅನುಭವದ ಬಗ್ಗೆ ಬರೆದ ಪತ್ರವನ್ನು ಯುರೋಪಿನ ಸಾಮಾಜಿಕ ಶಿಕ್ಷಣಶಾಸ್ತ್ರ ಇಂದಿಗೂ ತನ್ನ ಮೊದಲ ಪಾಠವಾಗಿ ಓದುತ್ತದೆ. ಇಟಲಿಯ ಟ್ಯೂರಿನ್‌ನಲ್ಲಿ ಪಾದ್ರಿ ಜಾನ್ ಬಾಸ್ಕೊ (1815–1888) ಕೈಗಾರಿಕಾ ನಗರದ ಬೀದಿಗಳಲ್ಲಿ ಅಲೆಯುತ್ತಿದ್ದ ಹುಡುಗರನ್ನು ಒಟ್ಟುಗೂಡಿಸಿಕೊಂಡು ಕೆಲಸ ಮಾಡಿದರು. ಅವರು 1884ರ ಮೇ ತಿಂಗಳಲ್ಲಿ ರೋಮ್‌ನಿಂದ ತಮ್ಮ ಸಹೋದ್ಯೋಗಿಗಳಿಗೆ ಬರೆದ ಪತ್ರದ ಮುಖ್ಯ ದೂರು, ಹಿರಿಯರು ಆಟದ ಹೊತ್ತಿನಲ್ಲಿ ಹುಡುಗರ ನಡುವೆ ಕಾಣಿಸುತ್ತಿಲ್ಲ ಎಂಬುದು. ಪ್ರೀತಿಸಿದರೆ ಸಾಲದು, ಪ್ರೀತಿ ಸಿಗುತ್ತಿದೆ ಎಂಬುದು ಹುಡುಗರಿಗೆ ತಿಳಿಯುವಂತಿರಬೇಕು ಎಂಬ ಅವರ ಒತ್ತಾಯಕ್ಕೆ ಇಂದಿನ ತರಬೇತಿ ತರಗತಿಗಳಲ್ಲೂ ಬೆಲೆಯಿದೆ.

ಇಪ್ಪತ್ತನೆಯ ಶತಮಾನದ ಬುನಾದಿ ಬಿದ್ದದ್ದು ವಿಯೆನ್ನಾದಲ್ಲಿ. ಶಾಲಾಶಿಕ್ಷಕರಾಗಿದ್ದ ಆಗಸ್ಟ್ ಐಕ್‌ಹಾರ್ನ್ (1878–1949) ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಓಬರ್‌ಹೊಲ್ಲಾಬ್ರನ್ ಎಂಬಲ್ಲಿ, ನಿರಾಶ್ರಿತರಿಗಾಗಿ ಕಟ್ಟಿದ್ದ ಹಳೆಯ ಶಿಬಿರದಲ್ಲಿ, ದಾರಿ ತಪ್ಪಿದವರೆಂದು ಸಮಾಜ ಕೈಬಿಟ್ಟ ಮಕ್ಕಳಿಗೊಂದು ವಸತಿಗೃಹ ತೆರೆದರು. ಯಾರ ಜೊತೆಗೂ ಹೊಂದಿಕೊಳ್ಳದ, ಕೈಗೆ ಸಿಕ್ಕಿದ್ದರಿಂದ ಹೊಡೆಯುವ ಕೆಲವು ಹುಡುಗರನ್ನು ಅವರು ಒಂದು ಗುಂಪಾಗಿ ಬೇರೆ ಇರಿಸಿದರು. ಏನೇ ಆದರೂ ಕೈ ಎತ್ತಬಾರದು, ಸ್ನೇಹದಿಂದಲೇ ಇರಬೇಕು ಎಂದು ಸಿಬ್ಬಂದಿಗೆ ತಿಳಿಸಿದರು. ಕಿಟಕಿ ಗಾಜು ಒಡೆದವು, ಬಾಗಿಲುಗಳು ಮುರಿದವು, ಮೇಜುಗಳು ಚೂರಾದವು. ದೊಡ್ಡವರು ಯಾವಾಗ ಹೊಡೆಯುತ್ತಾರೆ ಎಂದು ಆ ಹುಡುಗರು ಕಾಯುತ್ತಿದ್ದರು. ಹೊಡೆದಿದ್ದರೆ ಜಗತ್ತಿನ ಬಗ್ಗೆ ಅವರಿಗಿದ್ದ ತಿಳಿವಳಿಕೆ ನಿಜವಾಗುತ್ತಿತ್ತು. ಏಟು ಬೀಳಲೇ ಇಲ್ಲ. ಆರ್ಭಟ ಏರುತ್ತ ಏರುತ್ತ ಹೋಗಿ ಕೊನೆಗೆ ಸಿಟ್ಟಿನ ಅಳುವಾಗಿ ಒಡೆಯಿತು. ಅಲ್ಲಿಂದಾಚೆಗೆ ಅದೇ ಹುಡುಗರು ಸಿಬ್ಬಂದಿಗೆ ಅಂಟಿಕೊಂಡರು. ಐಕ್‌ಹಾರ್ನ್ ಈ ಅನುಭವಗಳನ್ನು 1925ರ ತಮ್ಮ ಪುಸ್ತಕದಲ್ಲಿ ಬರೆದರು. ಅದಕ್ಕೆ ಮುನ್ನುಡಿ ಸಿಗ್ಮಂಡ್ ಫ್ರಾಯ್ಡ್ ಅವರದು. ಈ ಪ್ರಸಂಗವನ್ನು ಬರಿಯ ತಾಳ್ಮೆಯ ಕಥೆಯಾಗಿ ಓದುವವರಿದ್ದಾರೆ. ಆದರೆ ಅಲ್ಲಿ ತಾಳ್ಮೆಯ ಹಿಂದೆ ಒಂದು ಲೆಕ್ಕಾಚಾರವೂ ಇತ್ತು: ಗುಂಪು ಚಿಕ್ಕದು, ಸಿಬ್ಬಂದಿ ಒಮ್ಮತದವರು, ಮುಖ್ಯಸ್ಥರು ದಿನವೂ ಎದುರಿಗಿದ್ದವರು.

ಪೋಲೆಂಡಿನ ವೈದ್ಯ, ಲೇಖಕ ಯಾನುಷ್ ಕೋರ್ಚಾಕ್ ಹಿಡಿದ ದಾರಿ ಬೇರೆ. ವಾರ್ಸಾದ ಕ್ರೊಖ್ಮಾಲ್ನಾ ಬೀದಿಯಲ್ಲಿ 1912ರಲ್ಲಿ ಆರಂಭವಾದ ಯಹೂದಿ ಅನಾಥಾಲಯವನ್ನು ಅವರು ಸ್ಟೆಫಾನಿಯಾ ವಿಲ್ಚಿನ್ಸ್ಕಾ ಅವರೊಂದಿಗೆ ನಡೆಸಿದರು. ಅಲ್ಲಿ ಮಕ್ಕಳದೇ ನ್ಯಾಯಾಲಯವಿತ್ತು, ಮಕ್ಕಳದೇ ಪತ್ರಿಕೆಯಿತ್ತು. ನ್ಯಾಯಾಲಯದ ಕಾನೂನು ಸಂಹಿತೆಯ ಮೊದಲ ನೂರರಷ್ಟು ಕಲಮುಗಳೆಲ್ಲ ಕ್ಷಮೆಯವೇ. ಸಿಬ್ಬಂದಿಯ ಮೇಲೂ ಮಗು ದೂರು ಕೊಡಬಹುದಿತ್ತು; ಕೋರ್ಚಾಕ್ ಅವರೇ ಆ ಕಟಕಟೆಯಲ್ಲಿ ನಿಂತಿದ್ದಾರೆ. ಬಾಯಲ್ಲಿ ಹೇಳಲಾಗದ್ದನ್ನು ಬರೆದು ಹಾಕಲು ಅಂಚೆಪೆಟ್ಟಿಗೆಯೊಂದಿತ್ತು. ಮಗುವಿನ ಮೇಲೆ ಅಕ್ಕರೆ ಇರುವವರು ಅಧಿಕಾರವನ್ನು ಹಂಚಿಕೊಳ್ಳಲೂ ಸಿದ್ಧರಿರಬೇಕು ಎಂಬುದು ಅವರ ನಿಲುವು. ನಾಜಿಗಳ ವಶದಲ್ಲಿದ್ದ ವಾರ್ಸಾ ಗೆಟ್ಟೋದೊಳಗೆ 1942ರ ಜುಲೈನಲ್ಲಿ ಅಲ್ಲಿಯ ಮಕ್ಕಳು ರವೀಂದ್ರನಾಥ ಠಾಕೂರರ ‘ಡಾಕ್‌ಘರ್’ ನಾಟಕವನ್ನು ಆಡಿದರು. ಮರುತಿಂಗಳು ಸುಮಾರು ಇನ್ನೂರು ಮಕ್ಕಳನ್ನು ಟ್ರೆಬ್ಲಿಂಕಾ ಮರಣಶಿಬಿರಕ್ಕೆ ಸಾಗಿಸಿದಾಗ ಕೋರ್ಚಾಕ್ ಮತ್ತು ವಿಲ್ಚಿನ್ಸ್ಕಾ ಮಕ್ಕಳ ಜೊತೆಗೇ ಹೊರಟರು.

ಕೋರ್ಚಾಕ್ ಅನಾಥಾಲಯ ನಡೆಸುತ್ತಿದ್ದ ಕಾಲದಲ್ಲೇ ಉಕ್ರೇನಿನ ಪೋಲ್ತಾವಾ ಬಳಿ ಆಂಟನ್ ಮಕರೆಂಕೊ ಕಟ್ಟಿದ ಗೋರ್ಕಿ ವಸಾಹತು ಒಬ್ಬೊಬ್ಬ ಮಗುವಿಗಿಂತ ಸಮುದಾಯದ ಬಲವನ್ನು ನಂಬಿತ್ತು. ಅವರ ಶಿಸ್ತಿನ ಪದ್ಧತಿಯ ಬಗ್ಗೆ ಇಂದಿಗೂ ವಾದವಿದೆ.

ಉಳಿದ ಇಪ್ಪತ್ತಮೂರು ಗಂಟೆ

ಐಕ್‌ಹಾರ್ನ್ ಬಳಿ ಕಲಿತ ಫ್ರಿಟ್ಸ್ ರೆಡ್ಲ್ (1902–1988) ಅಮೆರಿಕಕ್ಕೆ ವಲಸೆ ಹೋದರು. ಡೆಟ್ರಾಯ್ಟ್‌ನಲ್ಲಿ ಡೇವಿಡ್ ವೈನ್‌ಮನ್ ಮತ್ತಿತರರೊಡನೆ 1946ರಿಂದ 1948ರವರೆಗೆ ಪಯೊನಿಯರ್ ಹೌಸ್ ಎಂಬ ಪುಟ್ಟ ವಸತಿಗೃಹ ನಡೆಸಿದರು. ಹಣ ಸಾಲದೆ ಅದು ಮುಚ್ಚಿತು, ಆದರೆ ಅಲ್ಲಿಯ ದಿನಚರಿಯ ಟಿಪ್ಪಣಿಗಳಿಂದ ಎರಡು ಮಹತ್ವದ ಪುಸ್ತಕಗಳು ಹುಟ್ಟಿದವು. ಮಗು ಸಿಟ್ಟಿಗೇಳುವುದು ಊಟದ ಮನೆಯಲ್ಲಿ, ಆಟದ ಅಂಗಳದಲ್ಲಿ. ಅದರ ಬಗ್ಗೆ ಮಾತಾಡುವುದು ಮಾತ್ರ ಮುಂದಿನ ಮಂಗಳವಾರ ತಜ್ಞರ ಕೊಠಡಿಯಲ್ಲಿ. ರೆಡ್ಲ್ ಕಂಡುಕೊಂಡ ಕೊರತೆ ಇದು. ಘಟನೆ ನಡೆದ ಜಾಗದಲ್ಲೇ, ನಡೆದ ಹೊತ್ತಿನಲ್ಲೇ, ಅಲ್ಲಿದ್ದ ಪಾಲಕರೇ ಮಗುವಿನೊಂದಿಗೆ ನಡೆಸುವ ಮಾತುಕತೆಯನ್ನು ಅವರು 1959ರಲ್ಲಿ ಒಂದು ವಿಧಾನವಾಗಿ ವಿವರಿಸಿದರು. ಅದರಲ್ಲಿ ಎರಡು ಬಗೆ: ಮುಳುಗುತ್ತಿರುವ ಮಗುವಿಗೆ ಆ ಕ್ಷಣದ ಆಸರೆ ಕೊಟ್ಟು ದಿನವನ್ನು ದಾಟಿಸುವುದು ಒಂದು, ಅದೇ ಘಟನೆಯನ್ನು ಹಿಡಿದು, ಯಾವಾಗಲೂ ಹೀಗೇಕಾಗುತ್ತದೆ ಎಂದು ಮಗುವಿನ ಜೊತೆ ಹುಡುಕುವುದು ಇನ್ನೊಂದು. ಯಾವ ಹೊತ್ತಿಗೆ ಯಾವುದು ಎಂದು ಅಳೆಯುವುದರಲ್ಲೇ ಪಾಲಕರ ಜಾಣ್ಮೆಯಿದೆ.

ಆಲ್ಬರ್ಟ್ ಟ್ರೀಷ್‌ಮನ್, ಜೇಮ್ಸ್ ವಿಟೇಕರ್, ಲ್ಯಾರಿ ಬ್ರೆಂಡ್ಟ್ರೊ ಸೇರಿ 1969ರಲ್ಲಿ ಪ್ರಕಟಿಸಿದ ‘ದಿ ಅದರ್ 23 ಅವರ್ಸ್’ ಈ ವೃತ್ತಿಗೆ ಸ್ವಾಭಿಮಾನ ತಂದ ಪುಸ್ತಕ. ಮನೋವೈದ್ಯರು ಮಗುವನ್ನು ನೋಡುವುದು ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ; ಉಳಿದ ಇಪ್ಪತ್ತಮೂರು ಗಂಟೆ ಯಾರದು? ಅಲ್ಲಿಯವರೆಗೆ ಮಕ್ಕಳನ್ನು ಎಬ್ಬಿಸಿ, ಉಣಿಸಿ, ಮಲಗಿಸುವವರನ್ನು ಕಾವಲುಗಾರರಂತೆ ಕಾಣುತ್ತಿದ್ದರು. ಅವರೇ ಚಿಕಿತ್ಸೆಯ ನಡುಮಧ್ಯದಲ್ಲಿದ್ದಾರೆ ಎಂದು ಈ ಪುಸ್ತಕ ಪಟ್ಟುಹಿಡಿದು ಹೇಳಿತು. ಸಂಬಳದಲ್ಲೂ ಸ್ಥಾನಮಾನದಲ್ಲೂ ಈ ಮಾತು ಇನ್ನೂ ಪೂರ್ತಿ ಜಾರಿಗೆ ಬಂದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ದಿನಚರಿಯ ಒಳಗಿನ ಕೆಲಸ

ಸಂಬಂಧ ಹೇಗೆ ಬೆಳೆಯುತ್ತದೆ ಎಂಬುದನ್ನು ಬಹಳ ಹತ್ತಿರದಿಂದ ನೋಡಿದವರು ಹಂಗೆರಿಯ ಶಿಶುವೈದ್ಯೆ ಎಮ್ಮಿ ಪಿಕ್ಲರ್ (1902–1984). ಬುಡಾಪೆಸ್ಟ್‌ನ ಲೋಟ್ಸಿ ಬೀದಿಯಲ್ಲಿ 1946ರಲ್ಲಿ ಅವರು ಆರಂಭಿಸಿದ ಶಿಶುಗೃಹದಲ್ಲಿ ಪ್ರತಿ ಕೂಸಿಗೂ ತನ್ನದೇ ಆದ ಒಬ್ಬ ಮುಖ್ಯ ಪಾಲಕಿ ಇದ್ದಳು. ಕೂಸನ್ನು ಎತ್ತಿಕೊಳ್ಳುವ ಮೊದಲು ಅವಳು ಎದುರಿಗೆ ಬಂದು, ಈಗ ಎತ್ತಿಕೊಳ್ಳುತ್ತೇನೆ ಎಂದು ಹೇಳಿ, ಕೈ ಚಾಚಿ ನಿಲ್ಲಬೇಕು. ಕೂಸು ಮೈಯಲ್ಲಿ ಒಂದು ಸಣ್ಣ ಬಿಗಿ ತಂದು ತಾನೂ ಸಿದ್ಧ ಎಂದು ತೋರಿಸುವವರೆಗೆ ಕಾಯಬೇಕು. ಅಂಗಿ ತೊಡಿಸುವಾಗ ತೋಳನ್ನು ತಾನೇ ಹಿಡಿದು ತುರುಕದೆ, ಕೂಸೇ ಕೈ ಮುಂದೆ ಮಾಡಲು ಬಿಡಬೇಕು. ಸ್ನಾನ, ಬಟ್ಟೆ ಬದಲಿಸುವುದು, ಉಣಿಸುವುದು ಇವನ್ನು ಬೇಗ ಮುಗಿಸಬೇಕಾದ ಕೆಲಸಗಳೆಂದು ನೋಡುವ ಬದಲು ಆ ಕೂಸಿಗೆ ಒಬ್ಬರ ಪೂರ್ಣ ಗಮನ ಸಿಗುವ ಹೊತ್ತು ಎಂದು ಪಿಕ್ಲರ್ ನೋಡಿದರು. ಹೀಗೆ ತೃಪ್ತಿಯಾದ ಕೂಸು ಉಳಿದ ಹೊತ್ತು ತಾನೇ ತಾನಾಗಿ ಆಡಿಕೊಂಡಿರುತ್ತದೆ. ನಮ್ಮ ದತ್ತು ಕೇಂದ್ರಗಳಲ್ಲಿ, ಶಿಶುವಿಹಾರಗಳಲ್ಲಿ ದುಡಿಯುವವರಿಗೆ ಇಷ್ಟನ್ನು ಕಲಿಸಲು ದೊಡ್ಡ ಬಂಡವಾಳವೇನೂ ಬೇಕಿಲ್ಲ. ಒಬ್ಬರ ಕೈಗೆ ಎಷ್ಟು ಕೂಸುಗಳು ಎಂಬುದನ್ನು ಮಾತ್ರ ಗಟ್ಟಿಯಾಗಿ ಹಿಡಿತದಲ್ಲಿಡಬೇಕು.

ಜರ್ಮನಿಯಲ್ಲಿ ಹುಟ್ಟಿ ಅಮೆರಿಕದ ಸಿಯಾಟಲ್‌ನಲ್ಲಿ ಬೋಧಿಸಿದ ಹೆನ್ರಿ ಮಯರ್ ಇದನ್ನೇ ದೊಡ್ಡ ಮಕ್ಕಳಿಗೆ ಅನ್ವಯಿಸಿ ಬರೆದರು. ಅವರ ಬರಹಗಳಲ್ಲಿ ಲಯದ ಮಾತು ಮತ್ತೆ ಮತ್ತೆ ಬರುತ್ತದೆ. ಇಬ್ಬರು ಚೆಂಡು ಎಸೆದಾಡುವಾಗ, ಒಟ್ಟಿಗೆ ನಡೆಯುವಾಗ, ಹಾಡುವಾಗ ಮಾತಿಲ್ಲದೆಯೇ ಒಂದು ಹೊಂದಾಣಿಕೆ ಕೂಡಿಬರುತ್ತದೆ. ಮಾತಿಗೆ ಒಗ್ಗದ ಮಗುವಿನ ಹತ್ತಿರ ಹೋಗಲು ಅದೇ ದಾರಿ. ಮಲಗುವ ಹೊತ್ತನ್ನು ಅವರು ವಿಶೇಷವಾಗಿ ಗಮನಿಸಿದರು. ದೀಪ ಆರುವ ಹೊತ್ತಿಗೇ ಅನೇಕ ಮಕ್ಕಳಿಗೆ ಹಳೆಯ ಭಯ ಮರುಕಳಿಸುತ್ತದೆ. ಆಗ ಕೊಠಡಿಯಿಂದ ಕೊಠಡಿಗೆ ಹೋಗಿ ಹೊದಿಕೆ ಸರಿಪಡಿಸಿ ಎರಡು ಮಾತಾಡುವವರು ಬೇಕು. ಬಹುತೇಕ ಸಂಸ್ಥೆಗಳಲ್ಲಿ ಸಿಬ್ಬಂದಿ ಅತಿ ಕಡಿಮೆ ಇರುವುದೂ ಅದೇ ಹೊತ್ತಿನಲ್ಲಿ.

ಡೆನ್ಮಾರ್ಕಿನ ಸಾಮಾಜಿಕ ಶಿಕ್ಷಣಶಾಸ್ತ್ರಜ್ಞರು ಇಬ್ಬರ ನಡುವಿನ ಮೂರನೆಯ ಸಂಗತಿ ಎಂಬ ಕಲ್ಪನೆಯನ್ನು ಬಳಸುತ್ತಾರೆ. ಪಾಲಕರೂ ಮಗುವೂ ಎದುರುಬದುರು ಕೂತು ಮಗುವಿನ ಸಮಸ್ಯೆ ಮಾತಾಡುವುದಕ್ಕಿಂತ, ಇಬ್ಬರೂ ಪಕ್ಕಪಕ್ಕ ಕೂತು ಒಂದು ಸೈಕಲ್ ರಿಪೇರಿ ಮಾಡುವುದು ಲೇಸು. ಕೆಲಸ ಇಬ್ಬರಿಗೂ ಹೊಸದಾಗಿದ್ದರೆ ಇನ್ನೂ ಒಳ್ಳೆಯದು. ಆಗ ಒಬ್ಬರು ಮೇಲು, ಒಬ್ಬರು ಕೀಳು ಎಂಬ ಅಂತರ ತಾನೇ ಕಡಿಮೆಯಾಗುತ್ತದೆ. ಕಣ್ಣಿಗೆ ಕಣ್ಣು ಕೊಡಬೇಕಾದ ಮುಜುಗರವಿಲ್ಲದೆ ಮಾತೂ ಹೊರಬರುತ್ತದೆ.

ಕೆನಡದ ಥಾಮ್ ಗಾರ್ಫಟ್ ಅವರು ಲಿಯಾನ್ ಫುಲ್ಚರ್ ಜೊತೆಗೂಡಿ ಈ ಎಲ್ಲ ಎಳೆಗಳನ್ನು ಕೂಡಿಸಿ ಪಾಲನಾ ವಿಧಾನದ ಇಪ್ಪತ್ತೈದು ಲಕ್ಷಣಗಳನ್ನು ಗುರುತಿಸಿದ್ದಾರೆ. ಮಗುವಿಗಾಗಿ ಮಾಡದೆ ಮಗುವಿನ ಜೊತೆ ಮಾಡುವುದು, ಕೆಲಸವಿಲ್ಲದೆ ಸುಮ್ಮನೆ ಜೊತೆಗಿರುವುದು, ಕಷ್ಟ ಬಂದಾಗ ಬಿಟ್ಟುಹೋಗದೆ ನಿಲ್ಲುವುದು, ದಿನದ ಘಟನೆಗಳನ್ನು ಉದ್ದೇಶಪೂರ್ವಕವಾಗಿ ಬಳಸುವುದು ಅವುಗಳಲ್ಲಿ ಕೆಲವು. ಗಾರ್ಫಟ್ ಒಂದು ಎಚ್ಚರಿಕೆಯನ್ನೂ ಕೊಡುತ್ತಾರೆ. ಮಗು ನನ್ನನ್ನು ಇಷ್ಟಪಡುತ್ತದೆ ಎಂಬಲ್ಲಿಗೆ ಕೆಲಸ ಮುಗಿಯಲಿಲ್ಲ. ಇಬ್ಬರ ನಡುವೆ ಈಗ ಏನು ನಡೆಯುತ್ತಿದೆ, ಅದರಲ್ಲಿ ನನ್ನ ಪಾಲೆಷ್ಟು, ಮಗು ಅದನ್ನು ಹೇಗೆ ಅರ್ಥಮಾಡಿಕೊಂಡಿದೆ ಎಂದು ಪಾಲಕರು ಸದಾ ಗಮನಿಸುತ್ತಿರಬೇಕು. ಗಮನಿಸದೆ ಹೋದರೆ ಒಳ್ಳೆಯ ಸಂಬಂಧವೂ ಮಗುವನ್ನು ಮಾತು ಕೇಳಿಸುವ ಇನ್ನೊಂದು ಹತ್ಯಾರವಾಗಿಬಿಡುತ್ತದೆ. ನನ್ನ ಮೇಲೆ ಪ್ರೀತಿ ಇದ್ದರೆ ಹೀಗೆ ಮಾಡುತ್ತಿದ್ದೆಯಾ ಎಂಬ ಮಾತು ಎಷ್ಟು ಮನೆಗಳಲ್ಲಿ, ಎಷ್ಟು ಬಾಲಮಂದಿರಗಳಲ್ಲಿ ಬಳಕೆಯಲ್ಲಿದೆ ಎಂದು ನೆನೆದರೆ ಈ ಎಚ್ಚರಿಕೆಯ ಅಗತ್ಯ ತಿಳಿಯುತ್ತದೆ.

ನೋವಿನ ನಡವಳಿಕೆ

ಕೆನಡದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಜೇಮ್ಸ್ ಆಂಗ್ಲಿನ್ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಹತ್ತು ವಸತಿಗೃಹಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪುಸ್ತಕ ಬರೆದರು. ಆ ಮನೆಗಳಲ್ಲಿದ್ದ ಪ್ರತಿಯೊಬ್ಬ ಹುಡುಗ, ಹುಡುಗಿಯೂ ಆಳವಾದ ಮಾನಸಿಕ ನೋವನ್ನು ಹೊತ್ತಿದ್ದರು. ಸಿಬ್ಬಂದಿ ವರದಿಗಳಲ್ಲಿ ಮಾತ್ರ ಆ ಮಾತು ಅಪರೂಪ. ಅಲ್ಲಿರುವುದು ಒರಟುತನ, ಅವಿಧೇಯತೆ, ಓಡಿಹೋಗುವ ಚಟ. ಆಂಗ್ಲಿನ್ ಇವನ್ನು ನೋವಿನಿಂದ ಹುಟ್ಟಿದ ನಡವಳಿಕೆ ಎಂದು ಕರೆದರು. ದೊಡ್ಡವರು ಇದನ್ನು ನೋವೆಂದು ಒಪ್ಪಿಕೊಳ್ಳಲು ಹಿಂಜರಿಯುವುದಕ್ಕೂ ಕಾರಣ ಕೊಟ್ಟರು: ಮಗುವಿನ ನೋವಿನ ಎದುರು ಕೂತರೆ ತಮ್ಮ ಬಾಲ್ಯದ ನೋವೂ ಏಳುತ್ತದೆ. ಶಿಕ್ಷೆ ವಿಧಿಸುವುದು ಅದಕ್ಕಿಂತ ಸುಲಭ.

ಈ ಒಂದು ತಿಳಿವಳಿಕೆ ದಿನದ ನಡೆಯನ್ನು ಎಷ್ಟು ಬದಲಿಸುತ್ತದೆ ಎಂಬುದಕ್ಕೆ ಭೇಟಿಯ ದಿನವನ್ನು ನೋಡಬಹುದು. ತಾಯಿ ಬರುತ್ತಾಳೆಂದು ಬೆಳಿಗ್ಗೆಯಿಂದ ತಲೆ ಬಾಚಿಕೊಂಡು ಕೂತ ಹುಡುಗ, ಅವಳು ಬರದೆ ಹೋದ ಸಂಜೆ ಊಟದ ತಟ್ಟೆ ಎಸೆಯುತ್ತಾನೆ. ನಿಯಮದ ಪ್ರಕಾರ ಅವನಿಗೆ ಮರುದಿನ ಆಟವಿಲ್ಲ. ನೋವನ್ನು ಗುರುತಿಸಬಲ್ಲ ಪಾಲಕಿ ಚೆಲ್ಲಿದ ಅನ್ನವನ್ನು ಅವನ ಜೊತೆ ಬಾಚುತ್ತಾಳೆ, ಇನ್ನೊಂದು ತಟ್ಟೆಗೆ ಬಡಿಸುತ್ತಾಳೆ, ಕಾದು ಕಾದು ಸಾಕಾಯಿತಲ್ಲವೇ ಎನ್ನುತ್ತಾಳೆ. ತಟ್ಟೆ ಎಸೆಯಬಾರದು ಎಂಬ ಮಾತು ಬಾಕಿ ಇರುತ್ತದೆ. ಅದನ್ನು ಅವನು ಉಂಡ ಮೇಲೆ ಆಡುತ್ತಾಳೆ. ಇದರಲ್ಲಿ ಸಡಿಲ ಬಿಟ್ಟದ್ದೇನೂ ಇಲ್ಲ, ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು ಮಾತ್ರ ಬದಲಿಸಿದ್ದಾಳೆ.

ಅಮೆರಿಕದ ಮೂಲನಿವಾಸಿ ಲಕೋಟ ಪರಂಪರೆಯಿಂದ ಬಂದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಬ್ರೋಕನ್‌ಲೆಗ್, ಬ್ರೆಂಡ್ಟ್ರೊ ಮತ್ತು ಸ್ಟೀವ್ ವಾನ್ ಬೊಕರ್ನ್ ಜೊತೆ 1990ರಲ್ಲಿ ಮಂಡಿಸಿದ ‘ಧೈರ್ಯದ ವೃತ್ತ’ವೂ ಹೀಗೆಯೇ ಕೊರತೆಯ ಕಡೆಯಿಂದ ಅಗತ್ಯದ ಕಡೆಗೆ ನೋಟ ತಿರುಗಿಸುತ್ತದೆ. ತಾನು ಒಬ್ಬರಿಗೆ ಸೇರಿದವನು ಎಂಬ ಭಾವ, ಕೌಶಲ, ಸ್ವಾತಂತ್ರ್ಯ, ಕೊಡುವ ಗುಣ ಈ ನಾಲ್ಕು ಅದರ ಭಾಗಗಳು. ಕೊನೆಯದನ್ನು ಸಂಸ್ಥೆಗಳು ಬಹುಮಟ್ಟಿಗೆ ಮರೆಯುತ್ತವೆ. ಸದಾ ದಾನ ಪಡೆಯುತ್ತಲೇ ಬೆಳೆದ ಮಗುವಿಗೆ ತಾನೂ ಯಾರಿಗಾದರೂ ಬೇಕಾದವನು ಎಂದು ಅನ್ನಿಸಲು ಅವಕಾಶವೇ ಸಿಗುವುದಿಲ್ಲ.

ದಕ್ಷಿಣ ಆಫ್ರಿಕದ ಪ್ರಯೋಗ

ಸಂಬಂಧಕ್ಕೆ ಕಟ್ಟಡ ಬೇಕಿಲ್ಲ ಎಂಬುದನ್ನು ತೋರಿಸಿದ್ದು ದಕ್ಷಿಣ ಆಫ್ರಿಕ. ಅಲ್ಲಿಯ ಪಾಲನಾ ಕಾರ್ಯಕರ್ತರ ರಾಷ್ಟ್ರೀಯ ಸಂಘ 1975ರಲ್ಲಿ ಹುಟ್ಟಿತು. ಏಡ್ಸ್‌ನಿಂದ ಹೆತ್ತವರು ತೀರಿಕೊಂಡು, ಹಿರಿಯ ಅಕ್ಕನೋ ಅಣ್ಣನೋ ತಮ್ಮಂದಿರು ತಂಗಿಯರನ್ನು ಸಾಕುವ ಮನೆಗಳು ಹಳ್ಳಿಹಳ್ಳಿಗಳಲ್ಲಿ ಹೆಚ್ಚಿದಾಗ, ಆ ಮಕ್ಕಳನ್ನೆಲ್ಲ ಅನಾಥಾಲಯಕ್ಕೆ ತುಂಬುವುದನ್ನು ಬಿಟ್ಟು ಈ ಸಂಘ ‘ಇಸಿಬಿಂಡಿ’ ಎಂಬ ಕಾರ್ಯಕ್ರಮ ಕಟ್ಟಿತು. ಜುಲು ಭಾಷೆಯಲ್ಲಿ ಇದಕ್ಕೆ ಧೈರ್ಯ ಎಂದರ್ಥ. ಅದೇ ಊರಿನ ನಿರುದ್ಯೋಗಿ ಯುವಕ ಯುವತಿಯರಿಗೆ ಪಾಲನಾ ತರಬೇತಿ ಕೊಟ್ಟರು. ಅವರು ಮಕ್ಕಳ ಮನೆಗೇ ಹೋಗಿ, ಶಾಲೆಗೆ ಹೊರಡಿಸುತ್ತಾರೆ, ಒಟ್ಟಿಗೆ ಅಡುಗೆ ಮಾಡುತ್ತಾರೆ, ಓದಿಗೆ ಕೂರಿಸುತ್ತಾರೆ, ಸರ್ಕಾರದ ಸಹಾಯಧನಕ್ಕೆ ಅರ್ಜಿ ಬರೆಸುತ್ತಾರೆ. ಮಕ್ಕಳು ನಿರ್ಭಯವಾಗಿ ಆಡಲು ಊರೊಳಗೆ ಕಾವಲಿರುವ ಆಟದ ಬಯಲುಗಳಿವೆ. ಒಡಹುಟ್ಟಿದವರು ಬೇರೆಯಾಗಲಿಲ್ಲ, ಮನೆಯೂ ಹೊಲವೂ ಕೈತಪ್ಪಲಿಲ್ಲ. ಈ ಕ್ಷೇತ್ರದ ಅತಿ ಮುಖ್ಯವಾದ ಹೊಸ ಚಿಂತನೆ ಇದೇ ಎಂದು ಹೇಳಬಹುದು. ಶ್ರೀಮಂತ ದೇಶಗಳ ಮಾದರಿಗಳಿಗಿಂತ ನಮ್ಮಂಥ ದೇಶಕ್ಕೆ ಇದು ಹೆಚ್ಚು ಹತ್ತಿರ.

ಸಂಶೋಧನೆ ಹೇಳುವುದೇನು

ಬ್ರಿಟನ್ನಿನ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿ, ನಿಕಟ ಪಾಲನೆಯಿಲ್ಲದೆ ಬೆಳೆದ ಮಗುವಿಗೆ ಆಗುವ ಹಾನಿಯನ್ನು ಜಗತ್ತಿನ ಮುಂದಿಟ್ಟಿತು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಕುಡಿತ, ಕಲಹಗಳ ನಡುವೆ ಬೆಳೆದೂ ಗಟ್ಟಿಯಾಗಿ ನಿಂತವರಲ್ಲಿ ಸಮಾನವಾಗಿ ಕಂಡ ಒಂದು ಅಂಶ, ಎಲ್ಲೋ ಒಬ್ಬ ಹಿರಿಯರ ಎಡೆಬಿಡದ ಆಸರೆ. ಅದು ಅಜ್ಜಿ ಇರಬಹುದು, ಶಿಕ್ಷಕಿ ಇರಬಹುದು, ನೆರೆಯವರಿರಬಹುದು.

ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ನಡೆದ ಅಧ್ಯಯನ ಇನ್ನೂ ಖಚಿತವಾದದ್ದು. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಅವರ ತಂಡ ಅನಾಥಾಲಯಗಳ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದಂತೆ ಆಯ್ದು ಸಾಕುಕುಟುಂಬಗಳಿಗೆ ಕಳಿಸಿತು. ಮನೆ ಸೇರಿದ ಮಕ್ಕಳ ಬುದ್ಧಿಶಕ್ತಿ, ಮಿದುಳಿನ ಚಟುವಟಿಕೆ, ಒಬ್ಬರನ್ನು ಹಚ್ಚಿಕೊಳ್ಳುವ ಸಾಮರ್ಥ್ಯ ಎಲ್ಲವೂ ಸುಧಾರಿಸಿದವು. ಎರಡು ವರ್ಷ ತುಂಬುವ ಮೊದಲೇ ಹೋದವರಲ್ಲಿ ಸುಧಾರಣೆ ಹೆಚ್ಚು.

ನನ್ನ ದೃಷ್ಟಿಯಲ್ಲಿ ಆಡಳಿತಗಾರರು ಓದಲೇಬೇಕಾದದ್ದು ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನ ಅಧ್ಯಯನ. ಅಲ್ಲಿ ಒಂದು ಶಿಶುಗೃಹದಲ್ಲಿ ಪಾಲಕಿಯರಿಗೆ ಬರಿಯ ತರಬೇತಿ ಕೊಟ್ಟರು. ಇನ್ನೊಂದರಲ್ಲಿ ತರಬೇತಿಯ ಜೊತೆಗೆ ವ್ಯವಸ್ಥೆಯನ್ನೂ ಬದಲಿಸಿದರು: ಹನ್ನೆರಡರಷ್ಟಿದ್ದ ಗುಂಪನ್ನು ಆರಕ್ಕೆ ಇಳಿಸಿದರು, ಪ್ರತಿ ಗುಂಪಿಗೂ ಗೊತ್ತಾದ ಮುಖ್ಯ ಪಾಲಕಿಯರನ್ನು ಕೊಟ್ಟರು, ವಯಸ್ಸಾದಂತೆ ಗುಂಪು ಬದಲಿಸುವ ರೂಢಿ ಬಿಟ್ಟರು. ಮೂರನೆಯದರಲ್ಲಿ ಏನನ್ನೂ ಬದಲಿಸಲಿಲ್ಲ. ತರಬೇತಿ, ವ್ಯವಸ್ಥೆ ಎರಡೂ ಕೂಡಿದ ಕಡೆ ಮಕ್ಕಳ ಎತ್ತರ, ತೂಕ, ಬೆಳವಣಿಗೆ ಎಲ್ಲವೂ ಏರಿದವು. ಊಟ, ಔಷಧಗಳ ಕಾರ್ಯಕ್ರಮವೇನೂ ಅದರಲ್ಲಿರಲಿಲ್ಲ. ಜುನ್‌ಲೇ ಲಿ ಮತ್ತು ಮೇಗನ್ ಜೂಲಿಯನ್ 2012ರಲ್ಲಿ ಬರೆದ ಲೇಖನದಲ್ಲಿ ಇಂಥ ಅಧ್ಯಯನಗಳನ್ನು ಆಧರಿಸಿ, ಯಾವ ಯೋಜನೆಯಲ್ಲೇ ಆಗಲಿ ಕೆಲಸ ಮಾಡುವ ಸಾರವಸ್ತು ಸಂಬಂಧವೇ ಎಂದು ವಾದಿಸಿದರು.

ಸಿಬ್ಬಂದಿಗೆ ಒಂದು ದಿನದ ಕಾರ್ಯಾಗಾರ ನಡೆಸಿ ಕೈತೊಳೆದುಕೊಳ್ಳುವ ಇಲಾಖೆಗಳಿಗೆ ಇದರಿಂದ ಸಿಗುವ ಉತ್ತರ ಸ್ಪಷ್ಟ. ಮೂರು ತಿಂಗಳಿಗೊಮ್ಮೆ ಬದಲಾಗುವ ಗುತ್ತಿಗೆ ನೌಕರರು, ನಲವತ್ತು ಮಕ್ಕಳಿಗೆ ಒಬ್ಬರು, ಎರಡು ಶಿಫ್ಟ್ ಬೆನ್ನಿಗೆ ಬೆನ್ನಿಗೆ ಎಂಬಂಥ ಕಡೆ ಎಷ್ಟೇ ಕರುಣೆ ಇದ್ದರೂ ಸಂಬಂಧ ಬೇರೂರುವುದಿಲ್ಲ. ಮಗುವಿಗೆ ಬೇಕಾದದ್ದು ನಾಳೆಯೂ ಅದೇ ಮುಖ. ಪಾಲಕರಿಗೂ ತಮ್ಮ ಮನಸ್ಸನ್ನು ಹೇಳಿಕೊಳ್ಳಲು ಒಬ್ಬ ಅನುಭವಿ ಮೇಲ್ವಿಚಾರಕರು ಬೇಕು; ಫೈಲು ತಪಾಸಣೆಯ ಮೇಲ್ವಿಚಾರಣೆಯಿಂದ ಅದು ಆಗುವುದಿಲ್ಲ. ಇಂಗ್ಲೆಂಡಿನಲ್ಲಿ ಐಲೀನ್ ಮನ್ರೊ 2011ರಲ್ಲಿ ಸರ್ಕಾರಕ್ಕೆ ಕೊಟ್ಟ ವರದಿ, ನಮೂನೆ ತುಂಬುವ ಕೆಲಸವು ಮಕ್ಕಳೊಂದಿಗಿನ ಸಮಯವನ್ನು ನುಂಗಿಹಾಕಿದೆ ಎಂದು ನೇರವಾಗಿ ಹೇಳಿತು.

ಅಪಾಯಗಳು, ಗಡಿಗಳು

ಹತ್ತಿರ ಹೋಗುವ ಅವಕಾಶವನ್ನು ದುರುಳರೂ ಬಳಸಿಕೊಳ್ಳುತ್ತಾರೆ. ಐರ್ಲೆಂಡಿನ ಸಂಸ್ಥೆಗಳಲ್ಲಿ ದಶಕಗಳ ಕಾಲ ನಡೆದ ದೌರ್ಜನ್ಯವನ್ನು 2009ರ ರಯನ್ ವರದಿ ಬಿಚ್ಚಿಟ್ಟಿತು. ಷಿಕಾಗೊದ ಪ್ರಸಿದ್ಧ ಚಿಕಿತ್ಸಾಶಾಲೆಯ ಮುಖ್ಯಸ್ಥರಾಗಿ ಮಕ್ಕಳ ಪಾಲನೆಯ ಬಗ್ಗೆ ಮನಮುಟ್ಟುವಂತೆ ಬರೆದಿದ್ದ ಬ್ರೂನೊ ಬೆಟಲ್‌ಹೈಮ್ ಮಕ್ಕಳನ್ನು ಹೊಡೆಯುತ್ತಿದ್ದರು ಎಂದು ಅವರು 1990ರಲ್ಲಿ ತೀರಿಕೊಂಡ ಮೇಲೆ ಅಲ್ಲಿ ಬೆಳೆದ ಹಲವರು ಬರೆದರು. ಬಿಹಾರದ ಮುಜಫ್ಫರ್‌ಪುರದ ಆಶ್ರಯಗೃಹದಲ್ಲಿ ಹೆಣ್ಣುಮಕ್ಕಳ ಮೇಲೆ ನಡೆದ ಅತ್ಯಾಚಾರ 2018ರಲ್ಲಿ ಬೆಳಕಿಗೆ ಬಂದದ್ದು ಟಾಟಾ ಸಮಾಜವಿಜ್ಞಾನ ಸಂಸ್ಥೆಯ ತಂಡ ನಡೆಸಿದ ಸಾಮಾಜಿಕ ಲೆಕ್ಕಪರಿಶೋಧನೆಯಿಂದ.

ಇಂಥ ಘಟನೆಗಳ ನಂತರ ಅನೇಕ ದೇಶಗಳಲ್ಲಿ ಸಿಬ್ಬಂದಿ ಮಗುವನ್ನು ಮುಟ್ಟಲೇಬಾರದು, ಕೊಠಡಿಯಲ್ಲಿ ಒಬ್ಬರೇ ಇರಬಾರದು ಎಂಬ ನಿಯಮಗಳು ಬಂದವು. ಅಳುವ ಮಗುವಿನ ಭುಜ ಮುಟ್ಟಲೂ ಪಾಲಕರು ಅಂಜತೊಡಗಿದರು. ರಕ್ಷಣೆಗೆಂದು ತಂದ ನಿಯಮ ಮಗುವನ್ನು ಇನ್ನಷ್ಟು ಒಂಟಿ ಮಾಡಿತು. ಡೆನ್ಮಾರ್ಕಿನವರ ವಿಂಗಡಣೆ ಇಲ್ಲಿ ನೆರವಾಗುತ್ತದೆ: ವೃತ್ತಿಯ ನಾನು, ವ್ಯಕ್ತಿಯಾದ ನಾನು, ಖಾಸಗಿಯಾದ ನಾನು ಎಂದು ಅವರು ಮೂರು ಭಾಗ ಮಾಡುತ್ತಾರೆ. ಮೊದಲಿನ ಎರಡನ್ನೂ ಮಗುವಿನ ಮುಂದೆ ತರಬೇಕು. ಹಾಡು, ಹವ್ಯಾಸ, ನಗು, ಬೇಸರ ಎಲ್ಲ ಅದರಲ್ಲಿ ಸೇರಿವೆ. ಮೂರನೆಯದನ್ನು ಮನೆಯಲ್ಲೇ ಬಿಡಬೇಕು. ಕೋರ್ಚಾಕ್‌ರ ನ್ಯಾಯಾಲಯ, ಅಂಚೆಪೆಟ್ಟಿಗೆಗಳಂಥ ಏರ್ಪಾಡುಗಳೂ ಮಗುವಿನ ಕಾವಲಿಗೆ ಬೇಕು: ಪಾಲಕರ ಮೇಲೆ ದೂರು ಕೊಡಲು ಮಗುವಿಗೆ ಇನ್ನೊಂದು ಬಾಗಿಲು ತೆರೆದಿರಲೇಬೇಕು.

ಭಾರತ, ಕರ್ನಾಟಕ

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿತು. ಈಗ ಜಾರಿಯಲ್ಲಿರುವ 2015ರ ಬಾಲನ್ಯಾಯ ಕಾಯ್ದೆ ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆ ಬೇಕೆನ್ನುತ್ತದೆ, ಸಂಸ್ಥೆಗಿಂತ ಕುಟುಂಬದ ಆಸರೆಗೆ ಆದ್ಯತೆ ಕೊಡುತ್ತದೆ, ಪಾಲನಾ ಸಂಸ್ಥೆಗಳಲ್ಲಿ ದೈಹಿಕ ಶಿಕ್ಷೆಯನ್ನು ಅಪರಾಧವೆನ್ನುತ್ತದೆ. ಕಾನೂನಿನ ಈ ಮೂರೂ ಅಂಶಗಳು ಸಂಬಂಧಾಧಾರಿತ ಕೆಲಸಕ್ಕೆ ಪೂರಕ. ಆದರೆ ಪಾಲನಾ ಯೋಜನೆಯ ನಮೂನೆ ತುಂಬುವವರಿಗೆ ಆ ಮಗುವಿನ ಪರಿಚಯವಿರಬೇಕಲ್ಲ? ಅಧಿಕಾರಿ ಒಂದು ಮಧ್ಯಾಹ್ನದಲ್ಲಿ ಬರೆದ ಯೋಜನೆಗಿಂತ, ಆ ಮಗು ರಾತ್ರಿ ಯಾವ ಹೊತ್ತಿಗೆ ಎದ್ದು ಕೂರುತ್ತದೆ ಎಂದು ಬಲ್ಲ ಗೃಹಮಾತೆಯ ಎರಡು ಸಾಲು ಹೆಚ್ಚು ಉಪಯುಕ್ತ. ಯೋಜನೆ ಬರೆಯುವ ಮೇಜಿನ ಸುತ್ತ ಅವಳಿಗೂ ಒಂದು ಕುರ್ಚಿ ಇರಬೇಕು.

ಬೀದಿಮಕ್ಕಳ ಕೆಲಸದಲ್ಲಿ ಬೆಂಗಳೂರಿಗೆ ಹಳೆಯ ಅನುಭವವಿದೆ. ಡಾನ್ ಬಾಸ್ಕೊ ಪರಂಪರೆಯ ಯುವಕರು 1980ರಲ್ಲಿ ಆರಂಭಿಸಿದ ಬಾಸ್ಕೊ ಸಂಸ್ಥೆಯ ಪೂರ್ಣ ಹೆಸರು ಅಚ್ಚಗನ್ನಡದ್ದೇ: ಬೆಂಗಳೂರು ಓಣಿಯವರ ಸೇವಾ ಕೂಟ. ಬೀದಿಯಲ್ಲಿ ಕೆಲಸ ಮಾಡುವವರ ಮೊದಲ ಪಾಠ, ಮಗುವನ್ನು ಕಂಡ ಕೂಡಲೇ ವಿಚಾರಣೆಗೆ ತೊಡಗಬಾರದು ಎಂಬುದು. ರೈಲು ನಿಲ್ದಾಣದಲ್ಲಿ ಒಂಟಿಯಾಗಿ ಇಳಿದ ಹುಡುಗ ಹೇಳುವ ಮೊದಲ ಹೆಸರು, ಮೊದಲ ಊರು ಸುಳ್ಳಿರಬಹುದು. ಅದು ಅವನ ಆತ್ಮರಕ್ಷಣೆ. ಊಟ ಆಯಿತೇ ಎಂದು ಕೇಳಿ, ಜೊತೆ ಕೂತು, ನಾಳೆ ಹೇಳಿದ ಹೊತ್ತಿಗೆ ಮತ್ತೆ ಬಂದವರಿಗೆ ನಿಜವಾದ ಊರು ತಿಳಿಯುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗ ಕರ್ನಾಟಕದ ಪಾಲನಾ ಸಂಸ್ಥೆಗಳ ಮಕ್ಕಳೊಂದಿಗೂ ಸಿಬ್ಬಂದಿಯೊಂದಿಗೂ ಕೆಲಸ ಮಾಡುತ್ತ ಬಂದಿದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಬೆಂಬಲದಿಂದ 2020ರಲ್ಲಿ ಅಲ್ಲಿ ನೆಲೆಗೊಂಡ ‘ಸಂವಾದ್’ ಯೋಜನೆ ಗೃಹಮಾತೆಯರಿಂದ ಹಿಡಿದು ಬಾಲನ್ಯಾಯ ಮಂಡಳಿಯವರವರೆಗೆ ಮಕ್ಕಳ ರಕ್ಷಣಾ ಸಿಬ್ಬಂದಿಗೆ ದೇಶದಾದ್ಯಂತ ತರಬೇತಿ ನೀಡುತ್ತಿದೆ. ಆಸ್ಟ್ರಿಯಾದಲ್ಲಿ ಹರ್ಮನ್ ಗ್ಮೈನರ್ 1949ರಲ್ಲಿ ಆರಂಭಿಸಿದ, ಒಬ್ಬ ತಾಯಿಯ ಸುತ್ತ ಒಂದು ಮನೆ ಕಟ್ಟುವ ಎಸ್‌ಒಎಸ್ ಮಕ್ಕಳ ಗ್ರಾಮದ ಮಾದರಿಯೂ ಬೆಂಗಳೂರಿನಲ್ಲಿದೆ.

ಹೊರಟ ಮೇಲೆ

ವಯಸ್ಸು ಹದಿನೆಂಟು ತುಂಬಿದ ದಿನ ಸಂಸ್ಥೆ ಬಿಡಬೇಕೆಂಬ ನಿಯಮ ಈ ವಿಧಾನದ ತರ್ಕಕ್ಕೆ ವಿರುದ್ಧವಾದದ್ದು. ಮನೆಯಲ್ಲಿ ಬೆಳೆದವರಿಗೆ ಅಂಥ ಗಡುವಿಲ್ಲ. ಭಾರತದಲ್ಲಿ ಪಶ್ಚಾತ್ ಪಾಲನೆ ಸಾಮಾನ್ಯವಾಗಿ ಇಪ್ಪತ್ತೊಂದರವರೆಗೆ ಲಭ್ಯ. ಅದೂ ಬಹುತೇಕ ವಸತಿ, ಹಣ, ತರಬೇತಿಯ ರೂಪದಲ್ಲಿ. ಸ್ಕಾಟ್ಲೆಂಡಿನಲ್ಲಿ 2017ರಲ್ಲಿ ಆರಂಭವಾದ ಸ್ವತಂತ್ರ ಪಾಲನಾ ಪರಿಶೀಲನೆ, ಪಾಲನಾ ವ್ಯವಸ್ಥೆಯೊಳಗೆ ಬೆಳೆದವರ ಅನುಭವಗಳನ್ನು ದೊಡ್ಡ ಪ್ರಮಾಣದಲ್ಲಿ ಕೇಳಿ 2020ರಲ್ಲಿ ‘ದಿ ಪ್ರಾಮಿಸ್’ ಎಂಬ ವರದಿ ಕೊಟ್ಟಿತು. ಮಕ್ಕಳು ಕೇಳಿದ್ದು ಪ್ರೀತಿಯನ್ನು, ಉಳಿಯುವ ಸಂಬಂಧಗಳನ್ನು; ಆ ವರದಿ ಪ್ರೀತಿ ಎಂಬ ಪದವನ್ನು ಸರ್ಕಾರಿ ಭಾಷೆಯೊಳಗೆ ಸಂಕೋಚವಿಲ್ಲದೆ ಬಳಸಿತು. ಬಿಟ್ಟುಹೋದ ಯುವಕ ಹಬ್ಬದ ದಿನ ಮತ್ತೆ ಬಾಲಮಂದಿರಕ್ಕೆ ಬಂದು ಊಟಕ್ಕೆ ಕೂರಬಹುದೇ, ಕೆಲಸ ಕಳೆದುಕೊಂಡ ರಾತ್ರಿ ಗೃಹಮಾತೆಗೆ ಫೋನ್ ಮಾಡಬಹುದೇ, ಅವಳು ಅದನ್ನು ಎತ್ತಿಕೊಂಡರೆ ನಿಯಮದ ಉಲ್ಲಂಘನೆಯಾಗುತ್ತದೆಯೇ? ಅನೇಕ ಸಂಸ್ಥೆಗಳ ನಿಯಮಾವಳಿಗಳು ಇದಕ್ಕೆ ಉತ್ತರ ಕೊಡುವುದಿಲ್ಲ; ಗೃಹಮಾತೆಯರು ತಮ್ಮ ಸ್ವಂತ ಜವಾಬ್ದಾರಿಯ ಮೇಲೆ ಆ ಫೋನನ್ನು ಎತ್ತಿಕೊಳ್ಳುತ್ತ ಬಂದಿದ್ದಾರೆ. ಪಶ್ಚಾತ್ ಪಾಲನೆಯ ನಿಯಮಗಳನ್ನು ಮುಂದೆ ತಿದ್ದುವಾಗ ಆ ಕರೆಯನ್ನು ಅವರ ಕೆಲಸದ ಭಾಗವೆಂದು ಬರೆದು ಸೇರಿಸಬೇಕು.